ಹೆಪ್ಪುಗಟ್ಟಿದ ಸರೋವರದಲ್ಲಿ ಮೀನಿನ ಕಾಲ



ಮೀನಿಗೂ ಒಂದು ಕಾಲವಿದೆ ಎಂಬುದನ್ನು ಕರಾವಳಿಯ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವುದಿಲ್ಲ. ಆ ಎರಡು ತಿಂಗಳು ಒಣಮೀನಿನ ಚಟ್ನಿಯಲ್ಲೇ ಊಟ ಮುಗಿಸಿ, ಆಗಸ್ಟ್ ಯಾವಾಗ ಬಂದೀತು ಎಂದು ಕಾಯುವವರು ನಾವು. ಆದರೆ ನೀರೇ ಕಲ್ಲಿನಂತೆ ಗಟ್ಟಿಯಾಗಿ, ಅದರ ಮೇಲೆ ನಡೆದುಹೋಗಿ, ತೂತು ಕೊರೆದು ಗಾಳ ಹಾಕುವ ಊರಿನಲ್ಲಿ ಮೀನಿನ ಕಾಲವನ್ನು ತಿಳಿಯುವುದು ಹೇಗೆ? ಈ ಪ್ರಶ್ನೆ ನನಗೆ ಎದುರಾದದ್ದು ಕೆನಡಾದ ಸಿಮ್ಕೋ ಸರೋವರದ ದಂಡೆಯಲ್ಲಿ.

ನಾನು ಬೆಳಿಗ್ಗೆ ಮದ್ರಸದಲ್ಲಿ, ಆ ಬಳಿಕ ಶಾಲೆಯಲ್ಲಿ ಪಾಠ ಹೇಳುವವಳು. ಊರೂರು ಸುತ್ತುವ ಅಭ್ಯಾಸವಿಲ್ಲ. 2024ರ ಡಿಸೆಂಬರ್ ಕೊನೆಯಲ್ಲಿ ಸಂಬಳರಹಿತ ರಜೆ ಹಾಕಿ ಹೊರಟದ್ದು ತಂಗಿಯ ಬಾಣಂತನಕ್ಕೆ. ಅವಳಿರುವುದು ಒಂಟಾರಿಯೋ ಪ್ರಾಂತ್ಯದ ಬ್ಯಾರಿ ಎಂಬ ನಗರದಲ್ಲಿ. ಊರಿನ ಹೆಸರು ಕೇಳಿ ನಾನು ನಕ್ಕದ್ದುಂಟು. ಬ್ಯಾರಿಗಳು ಹೋಗಿ ನೆಲೆಸಲು ಇದಕ್ಕಿಂತ ಒಳ್ಳೆಯ ಹೆಸರಿನ ಊರು ಸಿಗುವುದೇ? ಹೆಸರಿನ ಹೋಲಿಕೆ ಮಾತ್ರ ಆಕಸ್ಮಿಕ.

ನಿಮ್ಮಲ್ಲಿ ಅನೇಕರ ಮಗ, ಮಗಳು, ತಮ್ಮ, ತಂಗಿ ಇಂದು ಟೊರಾಂಟೋ ಸುತ್ತಮುತ್ತ ನೆಲೆಸಿದ್ದಾರೆ. ನಾಳೆ ನೀವೂ ಹೆರಿಗೆಗೋ ಮೊಮ್ಮಕ್ಕಳನ್ನು ನೋಡಲೋ ಅಲ್ಲಿಗೆ ಹೋಗಬಹುದು. ಚಳಿಗಾಲದಲ್ಲಿ ಹೋದರೆ ಯಾರಾದರೂ ನಿಮ್ಮನ್ನು ಮಂಜುಗಡ್ಡೆಯ ಮೇಲೆ ಮೀನಿಗೆ ಕರೆಯದೆ ಇರಲಾರರು. ಆಗ ನೀವು ಕೇಳಬೇಕಾದ ಮೊದಲ ಪ್ರಶ್ನೆ: ಈಗ ಅದಕ್ಕೆ ಕಾಲವೇ? ಅದಕ್ಕಾಗಿಯೇ ಈ ಬರಹ.

ಸರೋವರ ಮತ್ತು ಮೀನು

ಸಿಮ್ಕೋ ಸರೋವರವು ಟೊರಾಂಟೋದಿಂದ ಉತ್ತರಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ವಿಸ್ತೀರ್ಣ 700 ಚದರ ಕಿಲೋಮೀಟರ್‌ಗಿಂತ ಹೆಚ್ಚು. ಪಶ್ಚಿಮಕ್ಕೆ ಬ್ಯಾರಿ ನಗರದವರೆಗೆ ಚಾಚಿರುವ ಕೆಂಪನ್‌ಫೆಲ್ಟ್ ಕೊಲ್ಲಿ ಬಹಳ ಆಳ. ಸುಮಾರು 41 ಮೀಟರ್ ಆಳದ ತಾಣವಿರುವುದು ಅಲ್ಲಿಯೇ. ದಕ್ಷಿಣದ ಕುಕ್ ಕೊಲ್ಲಿ ಆಳವಿಲ್ಲದ್ದು, ತಳದಲ್ಲಿ ಜಲಸಸ್ಯಗಳು ತುಂಬಿದ್ದು. ಈ ವ್ಯತ್ಯಾಸವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಉತ್ತರದ ತುದಿಯಲ್ಲಿ, ನೀರು ಇನ್ನೊಂದು ಸರೋವರಕ್ಕೆ ಸೇರುವ ಇಕ್ಕಟ್ಟಿನಲ್ಲಿ, ಆ ನೆಲದ ಮೂಲನಿವಾಸಿಗಳು ಮರದ ಗೂಟಗಳನ್ನು ನೆಟ್ಟು ಮೀನಿಗೆ ಬೇಲಿ ಕಟ್ಟಿದ್ದರು. ಆ ಗೂಟಗಳ ಅವಶೇಷಗಳು ಇಂದಿಗೂ ನೀರಿನಡಿಯಲ್ಲಿವೆ. ಅವುಗಳಲ್ಲಿ ಹಳೆಯವು ಸುಮಾರು 5000 ವರ್ಷಗಳಷ್ಟು ಹಿಂದಿನವು. ಸಿಮ್ಕೋ ಎಂಬ ಆಂಗ್ಲರ ಹೆಸರು ಬರುವ ಎಷ್ಟೋ ಮೊದಲೇ ಇದು ಮೀನಿನ ಸರೋವರವಾಗಿತ್ತು.

ಚಳಿಗಾಲದಲ್ಲಿ ಇಲ್ಲಿಗೆ ಬರುವ ಕುಟುಂಬಗಳು ಹೆಚ್ಚಾಗಿ ಹುಡುಕುವುದು ಹಳದಿ ಪರ್ಚ್ ಎಂಬ ಮೀನನ್ನು. ಗೇಣುದ್ದದ ಮೀನು. ಬಂಗಾರದ ಬಣ್ಣದ ಮೈಮೇಲೆ ಆರರಿಂದ ಎಂಟು ಕಪ್ಪು ಪಟ್ಟಿಗಳು, ಹೊಟ್ಟೆಯ ಕೆಳಗಿನ ರೆಕ್ಕೆಗಳು ಕಿತ್ತಳೆ ಬಣ್ಣ. ಬೆನ್ನಿನ ರೆಕ್ಕೆಯಲ್ಲಿ ಮುಳ್ಳುಗಳಿವೆ, ಕೈ ಜೋಪಾನ. ಮಾಂಸ ಬೆಳ್ಳಗೆ, ಸಿಹಿ. ನಮ್ಮ ಕಾಣೆ ಮೀನನ್ನು ನೆನಪಿಸುವ ರುಚಿ. ಇವು ಗುಂಪಾಗಿ ತಿರುಗುತ್ತವೆ. ಕಣ್ಣಿನಿಂದ ನೋಡಿಯೇ ಆಹಾರ ಹಿಡಿಯುವುದರಿಂದ ಹಗಲಿನಲ್ಲಿ ಮಾತ್ರ ಮೇಯುತ್ತವೆ. ಕತ್ತಲಾದೊಡನೆ ತಳಕ್ಕಿಳಿದು ಸುಮ್ಮನಾಗುತ್ತವೆ.

ಮೇಲೆ ಇಷ್ಟು ಚಳಿಯಿದ್ದರೂ ಮೀನು ಬದುಕುವುದು ಹೇಗೆ ಎಂದು ತಂಗಿಯ ಆರು ವರ್ಷದ ಮಗ ಕೇಳಿದ. ಶಾಲೆಯಲ್ಲಿ ನಾನೇ ಹೇಳುವ ಪಾಠವದು. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತ್ಯಂತ ಭಾರವಾಗಿರುತ್ತದೆ. ಅದಕ್ಕಿಂತಲೂ ತಣ್ಣಗಾದ ನೀರು ಹಗುರಾಗಿ ಮೇಲೆಯೇ ಉಳಿದು ಹೆಪ್ಪುಗಟ್ಟುತ್ತದೆ. ಹೀಗೆ ಮಂಜುಗಡ್ಡೆಯೇ ಸರೋವರಕ್ಕೆ ಮುಚ್ಚಳವಾಗಿ ಕೆಳಗಿನ ನೀರನ್ನು ಕಾಯುತ್ತದೆ. ಹೆಚ್ಚಿನ ವಸ್ತುಗಳಂತೆ ನೀರೂ ಗಟ್ಟಿಯಾದಾಗ ಮುಳುಗುತ್ತಿದ್ದರೆ ಸರೋವರ ತಳದಿಂದಲೇ ಹೆಪ್ಪುಗಟ್ಟಿ ಮೀನುಗಳಿಗೆ ಉಳಿಗಾಲವಿರುತ್ತಿರಲಿಲ್ಲ. ಕರಿಹಲಗೆಯ ಮೇಲೆ ಎಷ್ಟೋ ವರ್ಷ ಬರೆದ ಈ ಪಾಠದ ಮೇಲೆ ಕಾಲಿಟ್ಟು ನಿಂತಾಗ ನನ್ನ ಬಾಯಿಂದ ತಾನಾಗಿಯೇ 'ಸುಬ್‌ಹಾನಲ್ಲಾಹ್' ಎಂದು ಬಂತು.

ಮೊದಲ ಮಂಜುಗಡ್ಡೆ

ಮೀನು ಹಿಡಿಯುವವರು ಚಳಿಗಾಲವನ್ನು ಮೂರು ಭಾಗ ಮಾಡುತ್ತಾರೆ. ಮೊದಲ ಮಂಜುಗಡ್ಡೆಯ ಕಾಲ, ನಡುಚಳಿಗಾಲ, ಕೊನೆಯ ಮಂಜುಗಡ್ಡೆಯ ಕಾಲ. ಮೀನು ಚೆನ್ನಾಗಿ ಸಿಗುವುದು ಮೊದಲನೆಯದರಲ್ಲಿ ಮತ್ತು ಕೊನೆಯದರಲ್ಲಿ ಎಂಬುದು ಅವರ ಸಾಮಾನ್ಯ ಅನುಭವ.

ಆಳವಿಲ್ಲದ ಕುಕ್ ಕೊಲ್ಲಿ ಮೊದಲು ಹೆಪ್ಪುಗಟ್ಟುತ್ತದೆ. ಸಾಮಾನ್ಯವಾಗಿ ಡಿಸೆಂಬರ್ ಕೊನೆ ಅಥವಾ ಜನವರಿ ಮೊದಲಲ್ಲಿ. ಆಗ ಜಲಸಸ್ಯಗಳು ಇನ್ನೂ ಹಸಿರಾಗಿದ್ದು, ಅವುಗಳ ಅಂಚಿನಲ್ಲಿ ಎರಡರಿಂದ ನಾಲ್ಕು ಮೀಟರ್ ಆಳದಲ್ಲಿ ಪರ್ಚ್ ಹಸಿವಿನಿಂದ ಓಡಾಡುತ್ತಿರುತ್ತದೆ. ಅದೇ ಸಮಯದಲ್ಲಿ ಬ್ಯಾರಿಯ ಎದುರಿನ ಆಳದ ಕೊಲ್ಲಿಯಲ್ಲಿ ನೀರು ತೆರೆದೇ ಇರುತ್ತದೆ. ಚಳಿಯ ಬೆಳಗಿನಲ್ಲಿ ಅದರಿಂದ ಹಬೆಯೇಳುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಒಂದೇ ಸರೋವರ, ಎರಡು ಕಾಲ!

ಜನವರಿ ಮೊದಲ ವಾರ ತಂಗಿಯ ಗಂಡ ನನ್ನನ್ನೂ ಇಬ್ಬರು ಮಕ್ಕಳನ್ನೂ ಕುಕ್ ಕೊಲ್ಲಿಗೆ ಕರೆದುಕೊಂಡು ಹೋದರು. ಮಕ್ಕಳು ರಾತ್ರಿಯೇ ಬೂಟು ಜೋಡಿಸಿಟ್ಟಿದ್ದರು. ದಂಡೆಯಲ್ಲಿ ಗುಡಿಸಲು ಬಾಡಿಗೆಗೆ ಕೊಡುವ ವೃದ್ಧರೊಬ್ಬರಿದ್ದರು. ಅವರು ಕಬ್ಬಿಣದ ಹಾರೆಯಿಂದ ಹೆಜ್ಜೆಹೆಜ್ಜೆಗೂ ಮಂಜುಗಡ್ಡೆಯನ್ನು ಕುಟ್ಟುತ್ತಾ ಹೋಗಿ, ತೂತು ಕೊರೆದು, ಅಳತೆಕೋಲು ಇಳಿಸಿ ನೋಡಿ ಹಿಂದಿರುಗಿದರು. "ಹತ್ತು ಸೆಂಟಿಮೀಟರ್ ಇದೆ. ನಾನೊಬ್ಬನಾದರೆ ಹೋದೇನು. ಮಕ್ಕಳಿರುವ ಕುಟುಂಬವನ್ನು ಕಳಿಸಲಾರೆ" ಎಂದರು. ಅಂದಿನ ವ್ಯಾಪಾರ ಅವರಿಗೆ ನಷ್ಟ. ಆದರೂ ಹಣವನ್ನು ಮುಟ್ಟಲಿಲ್ಲ. ಮಕ್ಕಳು ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದರು.

ಸಹೋದರಿಯರೇ, ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಕೆನಡಾದ ರೆಡ್‌ಕ್ರಾಸ್ ಸಂಸ್ಥೆಯ ಸಲಹೆಯಂತೆ ಒಬ್ಬರು ನಡೆಯಲು ಮಂಜುಗಡ್ಡೆ 15 ಸೆಂಟಿಮೀಟರ್, ಗುಂಪಾಗಿ ಆಡಲು 20 ಸೆಂಟಿಮೀಟರ್, ಹಿಮದ ಬೈಕಿಗೆ 25 ಸೆಂಟಿಮೀಟರ್ ದಪ್ಪವಿರಬೇಕು. ಬಣ್ಣವೂ ಮಾತನಾಡುತ್ತದೆ. ತಿಳಿ ನೀಲಿ ಬಣ್ಣದ್ದು ಗಟ್ಟಿ. ಹಾಲಿನಂತೆ ಬಿಳಿಯಾದುದಕ್ಕೆ ಅದರ ಅರ್ಧದಷ್ಟೇ ಬಲ. ಬೂದು ಬಣ್ಣವೆಂದರೆ ಒಳಗೆ ನೀರು ಸೇರಿದೆ, ಕಾಲಿಡಬೇಡಿ. ಮೇಲೆ ದಪ್ಪ ಹಿಮ ಬಿದ್ದಿದ್ದರೆ ಧೈರ್ಯ ತಾಳಬೇಡಿ. ಹಿಮವು ಹೊದಿಕೆಯಂತೆ ಚಳಿಯನ್ನು ತಡೆದು ಕೆಳಗಿನ ಗಡ್ಡೆ ದಪ್ಪವಾಗದಂತೆ ಮಾಡುತ್ತದೆ. ನದಿ ಸೇರುವ ಜಾಗದಲ್ಲಿ, ನೀರು ಹರಿಯುವ ಇಕ್ಕಟ್ಟಿನಲ್ಲಿ ಯಾವ ತಿಂಗಳಲ್ಲೂ ನಂಬಿಕೆ ಬೇಡ.

ನಡುಚಳಿಗಾಲ

ಜನವರಿಯಲ್ಲಿಯೇ ತಂಗಿಗೆ ಹೆಣ್ಣು ಮಗುವಾಯಿತು, ಅಲ್‌ಹಮ್ದುಲಿಲ್ಲಾಹ್. ಎಣ್ಣೆ, ಬಿಸಿನೀರು, ಮೆಂತೆ ಗಂಜಿ ಎಂದು ನನ್ನ ದಿನಗಳು ಓಡಿದವು. ಹೊರಗೆ ಸೊನ್ನೆಗಿಂತ ಹದಿನೈದು, ಇಪ್ಪತ್ತು ಡಿಗ್ರಿ ಕೆಳಗಿನ ರಾತ್ರಿಗಳು ಒಂದರ ಹಿಂದೆ ಒಂದು ಬಂದವು. ಫೆಬ್ರವರಿ ಮೊದಲ ವಾರ ಆ ವೃದ್ಧರೇ ಫೋನು ಮಾಡಿದರು: "ಈಗ ಬನ್ನಿ." ತಂಗಿಯ ಗೆಳತಿಯೊಬ್ಬರು ಬಾಣಂತಿಯ ಬಳಿ ಕುಳಿತರು. ನಾವು ಹೊರಟೆವು.

ದಂಡೆಯಿಂದ ಗುಡಿಸಲಿಗೆ ಕರೆದೊಯ್ದದ್ದು ಹಿಂದೆ ಸರಪಳಿಯಂಥ ಪಟ್ಟಿ, ಮುಂದೆ ಜಾರುಹಲಗೆಯಿದ್ದ, ಗುಂಡು ಕಿಟಕಿಗಳ ಹಳೆಯ ವಾಹನ. ಅದಕ್ಕೆ ಬೊಂಬಾರ್ಡಿಯೇ ಎಂದು ಹೆಸರು. ಇದರ ಹಿಂದೆ ಒಬ್ಬ ತಂದೆಯ ದುಃಖವಿದೆ. 1934ರಲ್ಲಿ ಕ್ವಿಬೆಕ್ ಪ್ರಾಂತ್ಯದ ಮೆಕ್ಯಾನಿಕ್ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೇ ಅವರ ಎರಡು ವರ್ಷದ ಮಗನಿಗೆ ಹೊಟ್ಟೆಯ ಕಾಯಿಲೆ ಉಲ್ಬಣಿಸಿತು. ಹಿಮದಿಂದ ರಸ್ತೆ ಮುಚ್ಚಿದ್ದರಿಂದ ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. ಹಿಮದ ಮೇಲೆ ಓಡುವ ವಾಹನಕ್ಕಾಗಿ ಮೊದಲೇ ಪ್ರಯತ್ನಿಸುತ್ತಿದ್ದ ಅವರು ಬಿಡದೆ ದುಡಿದು 1937ರಲ್ಲಿ ಪೇಟೆಂಟ್ ಪಡೆದರು. ಅವರ ವಾಹನಗಳು ವೈದ್ಯರನ್ನೂ, ಅಂಚೆಯನ್ನೂ, ಶಾಲಾಮಕ್ಕಳನ್ನೂ ಹೊತ್ತವು. ಈಗ ನಮ್ಮಂಥವರನ್ನು ಮೀನಿಗೆ ಹೊತ್ತೊಯ್ಯುತ್ತಿವೆ.

ಗುಡಿಸಲೆಂದರೆ ಹಲಗೆಯ ಪುಟ್ಟ ಕೋಣೆ. ಒಳಗೆ ಬೆಂಚು, ಗ್ಯಾಸ್ ಹೀಟರ್, ನೆಲದಲ್ಲಿ ಬೈರಿಗೆಯಿಂದ ಕೊರೆದ ತೂತುಗಳು. ನಡುಚಳಿಗಾಲದಲ್ಲಿ ದಂಡೆಯ ಜಲಸಸ್ಯಗಳು ಕೊಳೆತು ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುವುದರಿಂದ ಪರ್ಚ್ ಆಳಕ್ಕೆ ಸರಿಯುತ್ತದೆ. ನಮ್ಮ ಗುಡಿಸಲಿನ ಕೆಳಗೆ ಏಳು ಮೀಟರ್ ನೀರಿತ್ತು. ಗಾಳದ ಕೋಲು ಬರೀ ಮೊಳದುದ್ದ. ತುದಿಯಲ್ಲಿ ಹೊಳೆಯುವ ಪುಟ್ಟ ಲೋಹದ ಚೂರು, ಅದಕ್ಕೆ ಸಣ್ಣ ಮೀನಿನ ಎರೆ. ತಳಕ್ಕೆ ಇಳಿಸಿ ಒಂದು ಗೇಣು ಮೇಲೆತ್ತಬೇಕು. ಎರಡು ಬಾರಿ ಮೆಲ್ಲನೆ ಕುಣಿಸಿ ನಿಲ್ಲಿಸಬೇಕು. ನಿಲ್ಲಿಸಿದಾಗಲೇ ಅದು ಕಚ್ಚುವುದು, ಯಾರೋ ದಾರವನ್ನು ಬೆರಳಿನಿಂದ ತಟ್ಟಿದ ಹಾಗೆ.

ಬೆಳಿಗ್ಗೆ ಸೂರ್ಯೋದಯದ ನಂತರದ ಎರಡು ಗಂಟೆ ಚೆನ್ನಾಗಿ ಸಿಕ್ಕಿತು. ನಡುಮಧ್ಯಾಹ್ನ ಮೀನು ಮುಖ ತೋರಿಸಲಿಲ್ಲ. ಮಕ್ಕಳಿಗೆ ಬೇಸರ. "ಅಕ್ಕಾ, ಅಸ್ರ್ ಆಗಲಿ, ನೋಡಿ" ಎಂದರು ತಂಗಿಯ ಗಂಡ. ಆ ದಿನಗಳಲ್ಲಿ ಅಲ್ಲಿ ಮೂರು ಗಂಟೆಯ ಹೊತ್ತಿಗೆ ಅಸ್ರ್, ಐದೂವರೆಯ ಹೊತ್ತಿಗೆ ಮಗ್ರಿಬ್. ಫ್ಲಾಸ್ಕಿನಲ್ಲಿ ತಂದ ಬೆಚ್ಚಗಿನ ನೀರಿನಲ್ಲಿ ವುಝೂ ಮಾಡಿ ಸರದಿಯಂತೆ ನಮಾಝ್ ಮುಗಿಸಿದೆವು. ಅನಂತರ ಶುರುವಾಯಿತು! ಒಂಬತ್ತು ವರ್ಷದ ಮಗಳು ಒಂದನ್ನು ಎಳೆದಳು. ಅದನ್ನು ಬಿಡಿಸಿ ಕೂಡಲೇ ದಾರ ಇಳಿಸಿದರೆ ಇನ್ನೊಂದು. ಗುಂಪು ಬಂದಾಗ ತಡ ಮಾಡಬಾರದು, ಅದು ಹೊರಟುಹೋಗುತ್ತದೆ. ಬೆಳಕು ಕೆಂಪಾಗಿ ಮಗ್ರಿಬ್ ಸಮೀಪಿಸಿದಂತೆ ದಾರಗಳು ಒಮ್ಮೆಗೇ ಸುಮ್ಮನಾದವು. ಪರ್ಚ್ ಅಂಗಡಿ ಮುಚ್ಚಿತ್ತು.

ಇಪ್ಪತ್ತೆರಡು ಮೀನು ಮನೆಗೆ ಬಂದವು. ಅರಶಿನ, ಮೆಣಸಿನ ಪುಡಿ, ಉಪ್ಪು, ಲಿಂಬೆ ಹಚ್ಚಿ ಕಾವಲಿಯಲ್ಲಿ ಹುರಿದೆ. ಬಾಣಂತಿ ಒಂದೇ ತುಂಡು ತಿನ್ನುತ್ತೇನೆಂದು ಮೂರು ತಿಂದಳು.

ಹೋಗುವುದಾದರೆ ಕೆಲವು ಮಾತು. ಭಾರತದಿಂದ ಹೋದ ವಯಸ್ಕರು ಮೀನು ಹಿಡಿಯಲು ಪರವಾನಗಿ ಕೊಳ್ಳಬೇಕು. ಒಂದು ದಿನದ ಪರವಾನಗಿಯೂ ಸಿಗುತ್ತದೆ. ಅಲ್ಲಿಯೇ ನೆಲೆಸಿದವರಿಗೆ ಫೆಬ್ರವರಿ ಮೂರನೆಯ ಸೋಮವಾರದ 'ಫ್ಯಾಮಿಲಿ ಡೇ' ವಾರಾಂತ್ಯದಲ್ಲಿ ಪರವಾನಗಿ ಬೇಕಿಲ್ಲ. ಮೈಗೆ ತಾಗುವ ಬಟ್ಟೆ ಹತ್ತಿಯದ್ದಾಗಿರಬಾರದು, ಬೆವರಿನಿಂದ ಒದ್ದೆಯಾದರೆ ಚಳಿ ಒಳಗಿಳಿಯುತ್ತದೆ, ಉಣ್ಣೆ ಒಳ್ಳೆಯದು. ಉದ್ದನೆಯ ಉಡುಪು ಧರಿಸುವ ನಾವು ಅದರ ಅಂಚನ್ನು ಹೀಟರಿನಿಂದ ದೂರವಿಟ್ಟುಕೊಳ್ಳಬೇಕು. ಎಷ್ಟೇ ಚಳಿಯಿದ್ದರೂ ಗುಡಿಸಲಿನ ಗಾಳಿಕಿಂಡಿ ಮುಚ್ಚಬೇಡಿ. ಹೀಟರಿನ ವಿಷಾನಿಲಕ್ಕೆ ವಾಸನೆಯಿಲ್ಲ, ಅದು ನಿದ್ದೆಯಲ್ಲೇ ಕೊಲ್ಲುತ್ತದೆ.

ಕೊನೆಯ ಮಂಜುಗಡ್ಡೆ

ಮಾರ್ಚ್ ಬಂತು. ರಮಝಾನ್ ಕೂಡಾ ಬಂತು. ಹಗಲು ಉದ್ದವಾಯಿತು. ಹಿಮ ಕರಗಿದ ನೀರು ತೂತುಗಳಿಂದ ಕೆಳಗಿಳಿದು ಮೀನಿಗೆ ಹೊಸ ಉಸಿರು ಕೊಡುತ್ತದೆ. ಪರ್ಚ್ ಮತ್ತೆ ಆಳದಿಂದ ದಂಡೆಯ ಕಡೆಗೆ ಬರತೊಡಗುತ್ತದೆ. ಅನುಭವಸ್ಥರು ವರ್ಷವಿಡೀ ಕಾಯುವುದು ಈ ದಿನಗಳಿಗೇ. ದೊಡ್ಡ ಮೀನು, ಬಹಳ ಮೀನು. ಗುಡಿಸಲುಗಳನ್ನು ಮಾರ್ಚ್ 15ರೊಳಗೆ ತೆಗೆಯಬೇಕೆಂಬ ನಿಯಮವಿದೆ. ಆದರೆ ಪರ್ಚ್ ಹಿಡಿಯಲು ವರ್ಷದ ಯಾವ ದಿನವೂ ತಡೆಯಿಲ್ಲ. ಕ್ರೀಡಾ ಪರವಾನಗಿಗೆ ದಿನಕ್ಕೆ 50, ಸಂರಕ್ಷಣಾ ಪರವಾನಗಿಗೆ 25 ಎಂಬ ಮಿತಿ ಮಾತ್ರ.

ಮಾರ್ಚ್ ಎರಡನೆಯ ವಾರ ನೆರೆಯ ಗೆಳೆಯರೊಬ್ಬರು ಇಫ್ತಾರಿಗೆಂದು ಬಕೆಟ್ ತುಂಬ ಪರ್ಚ್ ತಂದುಕೊಟ್ಟರು. ಪ್ರತಿಯೊಂದೂ ಮೊಳಕೈಯಷ್ಟಲ್ಲದಿದ್ದರೂ ಗೇಣಿಗಿಂತ ದೊಡ್ಡದು, ಹೊಟ್ಟೆ ಉಬ್ಬಿದ್ದು. "ಶನಿವಾರ ನೀವೂ ಬನ್ನಿ, ಅಕ್ಕನವರು ಊರಿಗೆ ಹೋಗುವ ಮೊದಲು ಕೊನೆಯ ಅವಕಾಶ" ಎಂದರು. ತಂಗಿಯ ಗಂಡ ಒಪ್ಪಿದರು. ಮಕ್ಕಳು ಕುಣಿದರು.

ನಾನು ಮೀನು ಶುಚಿಗೊಳಿಸಲು ಕುಳಿತೆ. ಮೊದಲನೆಯದರ ಹೊಟ್ಟೆ ಸೀಳಿದೆ, ತುಂಬ ಮೊಟ್ಟೆ. ಎರಡನೆಯದು, ಮೊಟ್ಟೆ. ಮೂರನೆಯದು, ನಾಲ್ಕನೆಯದು, ಹತ್ತನೆಯದು... ಪಕ್ಕದಲ್ಲಿ ಮಗುವಿಗೆ ಹಾಲೂಡಿಸುತ್ತಾ ಕುಳಿತಿದ್ದ ತಂಗಿ ಬಟ್ಟಲನ್ನು ನೋಡಿ, "ಎಲ್ಲವೂ ತಾಯಂದಿರೇ, ಅಕ್ಕಾ" ಎಂದಳು.

ನಾನು ಸುಳ್ಳು ಹೇಳುವುದಿಲ್ಲ. ಕರಾವಳಿಯವರು ಮೀನಿನ ಮೊಟ್ಟೆಯನ್ನು ಬಿಸಾಡುವವರಲ್ಲ. ಅದನ್ನೂ ಹುರಿದೆ. ಇಫ್ತಾರ್‌ನಲ್ಲಿ ಎಲ್ಲರೂ ತಿಂದೆವು, ರುಚಿಯಾಗಿಯೇ ಇತ್ತು. ಆದರೆ ಆ ರಾತ್ರಿ ತರಾವೀಹ್ ಮುಗಿದ ಮೇಲೆ ಆ ಮಾತು ಮನಸ್ಸಿನಿಂದ ಹೋಗಲಿಲ್ಲ.

ಪರ್ಚ್ ಮೊಟ್ಟೆಯಿಡುವುದು ಮಂಜುಗಡ್ಡೆ ಕರಗಿದ ಕೂಡಲೇ, ಏಪ್ರಿಲ್ ಮೇ ತಿಂಗಳಲ್ಲಿ. ಹತ್ತಾರು ಸಾವಿರ ಮೊಟ್ಟೆಗಳನ್ನು ಲೋಳೆಯ ಒಂದೇ ಉದ್ದ ಪಟ್ಟಿಯಾಗಿ ಜಲಸಸ್ಯಗಳ ಮೇಲೆ ಹಾಸುತ್ತದೆ. ಆ ಮೊಟ್ಟೆಗಳು ಹೊಟ್ಟೆಯೊಳಗೆ ಬಲಿಯುವುದು ಇಡೀ ಚಳಿಗಾಲದಲ್ಲಿ. ಅದಕ್ಕೆ ದೀರ್ಘ ಚಳಿ ಬೇಕು. ಈರಿ ಸರೋವರದ ಹಳದಿ ಪರ್ಚ್ ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ತೋರಿಸಿತು. ಚಳಿಗಾಲ ಗಿಡ್ಡವಾಗಿ, ಬೆಚ್ಚಗಾಗಿ ಹೋದ ವರ್ಷಗಳಲ್ಲಿ ತಾಯಿಮೀನು ಸಣ್ಣ ಮೊಟ್ಟೆಯಿಡುತ್ತದೆ, ಮರಿಗಳೂ ಚಿಕ್ಕವಾಗಿರುತ್ತವೆ, ಬೆಳೆದು ಉಳಿಯುವವು ಕಡಿಮೆಯಾಗುತ್ತವೆ. ಹೊರಗಿನವರಿಗೆ ಸತ್ತಂತೆ ಕಾಣುವ ಆ ಬಿಳಿ ತಿಂಗಳುಗಳು ಮೀನಿನ ಪಾಲಿಗೆ ಗರ್ಭದ ದಿನಗಳು.

ಆ ಚಳಿಗಾಲಗಳೂ ಈಗ ಮೊದಲಿನಂತಿಲ್ಲ. ಒಟ್ಟಾವಾ ನಗರದ ರೀಡೋ ಕಾಲುವೆಯ ಮೇಲೆ 1971ರಿಂದ ಪ್ರತಿ ಚಳಿಗಾಲ ಜನ ಜಾರಾಟವಾಡುತ್ತಿದ್ದರು. 2022-23ರಲ್ಲಿ ಮಂಜುಗಡ್ಡೆ ಸಾಲದೆ ಅದು ಒಂದು ದಿನವೂ ತೆರೆಯಲಿಲ್ಲ. ಮರುವರ್ಷ, 2023-24ರ ಚಳಿಗಾಲವು ಕೆನಡಾದ ದಾಖಲೆಗಳಲ್ಲೇ ಅತ್ಯಂತ ಬೆಚ್ಚಗಿನದಾಗಿತ್ತು. ಗುಡಿಸಲಿನ ವೃದ್ಧರು ಆ ವರ್ಷವನ್ನು ನೆನೆದು ತಲೆಯಲ್ಲಾಡಿಸಿದ್ದರು. ನಾವು ಹೋದ ವರ್ಷ ಚಳಿ ಚೆನ್ನಾಗಿಯೇ ಬಂದಿತ್ತು. ಒಂದು ಒಳ್ಳೆಯ ಚಳಿಗಾಲ ಸಿಕ್ಕಿದೆಯೆಂದು ಆ ತಾಯಂದಿರನ್ನು ಹೆರಿಗೆಯ ಬಾಗಿಲಲ್ಲೇ ಹಿಡಿಯುವುದೇ?

ಬೆಳಿಗ್ಗೆ ಸಹ್ರಿಯ ಹೊತ್ತಿಗೆ ನಾನು ತಂಗಿಯ ಗಂಡನಿಗೆ ಹೇಳಿದೆ: "ನಮ್ಮೂರಿನಲ್ಲಿ ಮಳೆಗಾಲದ ಎರಡು ತಿಂಗಳು ಸರಕಾರ ದೋಣಿ ಕಟ್ಟಿಸುತ್ತದೆ. ಇಲ್ಲಿ ಕಟ್ಟಿಸುವವರಿಲ್ಲ. ನಾವೇ ಕಟ್ಟಿಕೊಳ್ಳಬೇಕು." ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಕ್ಕಳಿಗೆ ಮಾತು ಕೊಟ್ಟಾಗಿತ್ತಲ್ಲ! ಶನಿವಾರ ಎಲ್ಲರನ್ನೂ ದಂಡೆಗೆ ಕರೆದುಕೊಂಡು ಹೋದರು, ಗಾಳವಿಲ್ಲದೆ. ದಂಡೆ ಮತ್ತು ಮಂಜುಗಡ್ಡೆಯ ನಡುವೆ ಮೊಳದಗಲ ನೀರು ಕಾಣುತ್ತಿತ್ತು. ಅದರಾಚೆ ಗಡ್ಡೆ ಬೂದು ಬಣ್ಣಕ್ಕೆ ತಿರುಗಿತ್ತು. ಯಾರೋ ಹಲಗೆ ಹಾಕಿ ದಾಟಿ ದೂರದಲ್ಲಿ ಬಕೆಟ್ ಮೇಲೆ ಕುಳಿತಿದ್ದರು. "ನಾವು ಯಾಕೆ ಹೋಗಬಾರದು?" ಎಂದು ಮಗ ಕೇಳಿದ. ಅಕ್ಕ ಅವನಿಗೆ ಉತ್ತರ ಕೊಟ್ಟಳು: "ಮೀನಿಗೆ ಮರಿಯಾಗಲಿಕ್ಕಿದೆ."

ಹಾಗಾದರೆ ಯಾವುದು ಒಳ್ಳೆಯ ಕಾಲ? ಮೀನು ಹಿಡಿಯುವವರನ್ನು ಕೇಳಿದರೆ ಮೊದಲ ಮತ್ತು ಕೊನೆಯ ಮಂಜುಗಡ್ಡೆ ಎನ್ನುತ್ತಾರೆ. ನೀವು ಮಕ್ಕಳನ್ನು ಕರೆದುಕೊಂಡು ಹೋಗುವವರು. ನಿಮಗೆ ನಾನು ಹೇಳುವುದು, ಜನವರಿ ಕೊನೆಯಿಂದ ಫೆಬ್ರವರಿ ಕೊನೆಯವರೆಗೆ. ಗಡ್ಡೆ ದಪ್ಪವಿರುವ ಕಾಲ, ತಿಳಿದವರು ಅಳೆದು ಸರಿಯೆಂದ ದಿನ. ಬೆಳಿಗ್ಗೆ ಸೂರ್ಯೋದಯದಿಂದ ಎರಡು ಗಂಟೆ, ಮತ್ತೆ ಅಸ್ರ್‌ನಿಂದ ಮಗ್ರಿಬ್‌ವರೆಗೆ. ಮೀನು ಕಡಿಮೆ ಸಿಗಬಹುದು. ಮಿತಿ ಐವತ್ತೆಂದು ಐವತ್ತು ಬೇಡ, ಒಂದು ಊಟಕ್ಕೆ ಸಾಕಾದಷ್ಟು ಸಾಕು. ತೀರ ಆಳದಿಂದ ಎಳೆದ ಸಣ್ಣ ಮೀನು ಹೊಟ್ಟೆಯ ಗಾಳಿಚೀಲ ಉಬ್ಬಿ, ಮರಳಿ ಬಿಟ್ಟರೂ ಬದುಕುವುದು ಕಷ್ಟ; ಆದ್ದರಿಂದ ಸಾಕೆನಿಸಿದಾಗ ದಾರ ಸುತ್ತಿಬಿಡಿ.

ನಾನು ಊರಿಗೆ ಮರಳಿದ ಮೇಲೆ ಏಪ್ರಿಲ್ ಕೊನೆಯಲ್ಲಿ ಒಂದು ರಾತ್ರಿ ತಂಗಿಯ ಮಗಳು ಫೋನು ಮಾಡಿದಳು. "ದೊಡ್ಡಮ್ಮ, ಸರೋವರದಲ್ಲಿ ಐಸ್ ಎಲ್ಲಾ ಹೋಯ್ತು. ಈಗ ಅವು ಮೊಟ್ಟೆಯಿಟ್ಟಿರಬಹುದಾ?" ಎಂದು ಕೇಳಿದಳು. ಇಟ್ಟಿರಬಹುದು, ಇನ್‌ಶಾ ಅಲ್ಲಾಹ್, ಎಂದೆ. ಮುಂದಿನ ಫೆಬ್ರವರಿಗೆ ಈಗಲೇ ದಿನ ಎಣಿಸುತ್ತಿದ್ದಾಳಂತೆ.